ಬೇಸಿಗೆ ರಜೆ, ಒಂದು ನೋಟ್‌ಬುಕ್ಕು ಮತ್ತು ಎಕ್ಕದ ಗಿಡ

ನ್ಯೂಯಾರ್ಕ್ ಅಂದ ತಕ್ಷಣ ಊರಿನವರ ಕಣ್ಣ ಮುಂದೆ ಬರೋದು ಮುಗಿಲು ಮುಟ್ಟೋ ಕಟ್ಟಡಗಳು. ನಾನಿರೋದು ಆ ನ್ಯೂಯಾರ್ಕಿನಲ್ಲಲ್ಲ ಮಾರಾಯ್ರೇ. ಅದೇ ರಾಜ್ಯದ ಒಳನಾಡು ಇದು, ಆ ಮಹಾನಗರದಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ ದೂರ. ಸುತ್ತ ಜೋಳದ ಹೊಲ, ಹಸು, ಸೇಬಿನ ತೋಟ. ಇಲ್ಲಿ ಶಾಲೆ ಮುಗಿಯೋದು ಜೂನ್ ಕೊನೆಯ ವಾರದಲ್ಲಿ. ನಮ್ಮೂರಿನ ಮಕ್ಕಳು ರಜೆ ಮುಗಿಸಿ, ಹೊಸ ಪುಸ್ತಕಕ್ಕೆಲ್ಲ ಬೈಂಡು ಹಾಕಿ ಮಳೆಯಲ್ಲಿ ನೆನೆಯುತ್ತಾ ಶಾಲೆಗೆ ಹೋಗ್ತಿರುವಾಗ ಇಲ್ಲಿ ರಜೆ ಶುರು. ಸೆಪ್ಟೆಂಬರ್ ತನಕ, ಹತ್ತು ವಾರ!

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಈ ಹತ್ತು ವಾರ ಅನ್ನೋದು ಎಂಥ ತಲೆನೋವು ಅಂತ ಹೊರದೇಶದಲ್ಲಿರುವ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹೊರಗೆ ಮಂಡಿಯುದ್ದ ಹಿಮ ಬಿದ್ದಿರುವಾಗಲೇ, ಫೆಬ್ರವರಿಯಲ್ಲೇ, ಯಾವ ವಾರ ಯಾವ ಸಮ್ಮರ್ ಕ್ಯಾಂಪು ಅಂತ ನಾವು ಎಕ್ಸೆಲ್ ಶೀಟು ಹಾಕಿಕೊಂಡು ಕೂತಿರ್ತೀವಿ. ನಾಲ್ಕು ವರ್ಷದ ಹಿಂದೆ ಮಗಳಿಗೆ ಎಂಟು ವರ್ಷ. ಆ ಬೇಸಿಗೆಗೆ ಎರಡು ವಾರದ ವಿಜ್ಞಾನದ ಕ್ಯಾಂಪಿಗೆ ದುಡ್ಡು ಕಟ್ಟಿದ್ದೆ. ಅಡಿಗೆ ಸೋಡಕ್ಕೆ ವಿನೆಗರ್ ಹುಯ್ದು ಜ್ವಾಲಾಮುಖಿ ಮಾಡಿಸಿದರು, ಕೊನೆಯ ದಿನ ಒಂದು ಸರ್ಟಿಫಿಕೇಟು ಕೊಟ್ಟರು. ಮಗಳನ್ನು "ಏನು ಕಲಿತೆ ಪುಟ್ಟೀ" ಅಂದ್ರೆ, "ವಿನೆಗರ್ ವಾಸನೆ ಗಬ್ಬು" ಅಂದಳು.

ಆ ವರ್ಷ ನಮ್ಮ ಪುಣ್ಯಕ್ಕೆ ಅಮ್ಮ ಊರಿನಿಂದ ಬಂದಿದ್ದರು. ತಿಪಟೂರಿನ ಹತ್ತಿರದ ಹಳ್ಳಿಯಿಂದ ಬಂದವರು, ಆರು ತಿಂಗಳ ವೀಸಾ. ಕ್ಯಾಂಪು ಮುಗಿದ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೇ ಮನೆಯಲ್ಲಿ. ಅಮ್ಮನಿಗೆ ಇಂಗ್ಲಿಷ್ ಬಾರದು, ಟಿವಿಯಲ್ಲಿ ಆಸಕ್ತಿ ಇಲ್ಲ, ಹಿತ್ತಲಲ್ಲೇ ವಾಸ. ನಾನು ಘನವಾದ ಅಪ್ಪನ ಥರ ಮಗಳಿಗೆ ಒಂದು ನೋಟ್‌ಬುಕ್ಕು ಕೊಟ್ಟು, "ದಿನಾ ನೋಡಿದ್ದನ್ನು ಇದರಲ್ಲಿ ಬರಿ, ಸಾಯಂಕಾಲ ನಾನು ನೋಡ್ತೀನಿ" ಅಂದೆ. ಬರೆದಳು. ನಾಲ್ಕೈದು ದಿನ ಚೆನ್ನಾಗಿ ಬರೆದಳು. ನಾನು ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಾ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಕ್ಯಾಟರ್‌ಪಿಲ್ಲರ್‌ಗೆ ಒಂದು 'ಎಲ್' ಕಡಿಮೆಯಾಗಿತ್ತು. ವಾಕ್ಯದ ಕೊನೆಗೆ ಚುಕ್ಕಿ ಇರಲಿಲ್ಲ. ಒಂದು ದಿನ ಪಟ್ಟೆಪಟ್ಟೆಯ ಹುಳವೊಂದರ ಚಿತ್ರ ಬರೆದು, ಅದರ ತಲೆಯ ಕಡೆ ಎರಡು ಕೊಂಬು, ಬಾಲದ ಕಡೆಯೂ ಎರಡು ಕೊಂಬು ಬರೆದಿದ್ದಳು. ನಾನು ಬಾಲದ ಕೊಂಬುಗಳ ಮೇಲೆ ಇಂಟು ಮಾರ್ಕು ಹಾಕಿ, ಕೊಂಬು ಇರೋದು ತಲೆಗೆ ಮಾತ್ರ ಅಂತ ಪಕ್ಕದಲ್ಲಿ ಬರೆದೆ.

ಮಾರನೇ ದಿನದಿಂದ ಪುಟ ಖಾಲಿ. ಕೇಳಿದ್ರೆ, "ಬೋರಾಯ್ತು ಅಪ್ಪ."

ಮಕ್ಕಳ ಕುತೂಹಲ ಎಲ್ಲಿ ಹಾಳಾಗುತ್ತೆ ಅಂತ ಮೇಷ್ಟರುಗಳನ್ನು ಬೈಕೊಂಡು ಬೆಳೆದವನು ನಾನು. ನಮ್ಮ ಕಾಲದ ಬೇಸಿಗೆ ರಜೆ ಹೋಂವರ್ಕು ನಿಮಗೂ ನೆನಪಿರಬೇಕು, ದಿನಕ್ಕೊಂದು ಪುಟ ಕಾಪಿ ರೈಟಿಂಗು. ಐವತ್ತು ದಿನದ್ದನ್ನೂ ರಜೆಯ ಕೊನೆಯ ಎರಡು ದಿನ ಕೈ ನೋಯುವ ಹಾಗೆ ಗೀಚಿ ಮುಗಿಸುತ್ತಿದ್ದೆವು. ಮಿಕ್ಕ ನಲವತ್ತೆಂಟು ದಿನ ಸಗಣಿ ಉರುಳಿಸೋ ಹುಳದ ಹಿಂದೆ ಹೋಗಿದ್ದು, ಜಗಲಿಯ ಪುಡಿಮಣ್ಣಿನಲ್ಲಿ ಆಲಿಕೆಯ ಹಾಗೆ ಗುಂಡಿ ತೋಡಿಕೊಂಡು ಇರುವೆಗೆ ಕಾಯೋ ಹುಳವನ್ನು ಹುಲ್ಲುಕಡ್ಡಿಯಿಂದ ಕೆಣಕಿದ್ದು, ಇದಕ್ಕೆಲ್ಲ ಯಾರೂ ಮಾರ್ಕ್ಸ್ ಕೊಡಲಿಲ್ಲ, ಯಾರೂ ತಪ್ಪೂ ಹಾಕಲಿಲ್ಲ. ಅಂಥವನ ಕೈಗೇ ಕೆಂಪು ಪೆನ್ನು ಬಂದಿತ್ತು ನೋಡಿ.

ಆಮೇಲೆ ಆಗಿದ್ದು ಹೀಗೆ. ನಮ್ಮೂರಿನ ಲೈಬ್ರರಿಯಲ್ಲಿ ವರ್ಷಕ್ಕೊಮ್ಮೆ ಹಳೇ ಪುಸ್ತಕ ಮಾರುತ್ತಾರೆ. ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಎರಡು ಡಾಲರಿಗೆ ಸಿಕ್ಕಿತು. ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಎಂಬಾಕೆ 1911ರಲ್ಲಿ ಬರೆದ 'ಹ್ಯಾಂಡ್‌ಬುಕ್ ಆಫ್ ನೇಚರ್ ಸ್ಟಡಿ'. ಒಂಬೈನೂರಕ್ಕೂ ಹೆಚ್ಚು ಪುಟ. ಆಕೆ ಇದ್ದದ್ದು ಇಲ್ಲೇ ಹತ್ತಿರದ ಇಥಾಕದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ರಾತ್ರಿ ಮಲಗುವ ಮುಂಚೆ ನಾಲ್ಕು ಪುಟ ಅಂತ ಶುರು ಮಾಡಿದ್ದು, ಹನ್ನೆರಡು ಗಂಟೆಯಾದರೂ ಕೆಳಗಿಡಲು ಮನಸ್ಸು ಬರಲಿಲ್ಲ. ಈ ಪುಸ್ತಕದ ಹಿಂದಿನ ಕಥೆಯನ್ನೇ ನಿಮಗೆ ಹೇಳಬೇಕು ಅಂತ ಇಷ್ಟು ಪೀಠಿಕೆ.

ಮೊದಲು ಬೇಸಿಗೆ ರಜೆಯದ್ದೇ ಒಂದು ಕಥೆ ಇದೆ. ಅಮೆರಿಕದಲ್ಲಿ ಯಾರನ್ನು ಕೇಳಿದರೂ, ಹಿಂದೆಲ್ಲ ಮಕ್ಕಳು ಹೊಲದ ಕೆಲಸಕ್ಕೆ ಬೇಕಾಗಿತ್ತು, ಅದಕ್ಕೇ ಬೇಸಿಗೆಯಲ್ಲಿ ರಜೆ ಅಂತಾರೆ. ಸುಳ್ಳು! ಹೊಲದಲ್ಲಿ ಕೆಲಸ ಜಾಸ್ತಿ ಇರೋದು ಬಿತ್ತನೆಯ ವಸಂತದಲ್ಲಿ ಮತ್ತು ಕೊಯ್ಲಿನ ಕಾಲದಲ್ಲಿ. ಹತ್ತೊಂಬತ್ತನೇ ಶತಮಾನದ ಹಳ್ಳಿ ಶಾಲೆಗಳು ಆಗ ಮುಚ್ಚುತ್ತಿದ್ದವು, ನಡು ಬೇಸಿಗೆಯಲ್ಲಿ ಮತ್ತು ಚಳಿಗಾಲದಲ್ಲಿ ನಡೆಯುತ್ತಿದ್ದವು. ಪಟ್ಟಣಗಳಲ್ಲೋ, 1840ರ ದಶಕದಲ್ಲಿ ವರ್ಷಕ್ಕೆ 240 ದಿನದಷ್ಟು ಶಾಲೆ ಇರುತ್ತಿತ್ತು. ಬೇಸಿಗೆಯ ಸೆಕೆ, ಆ ಕಾಲದಲ್ಲಿ ಹರಡುತ್ತಿದ್ದ ಸಾಂಕ್ರಾಮಿಕ ರೋಗಗಳು, ಅನುಕೂಲಸ್ಥರು ಊರು ಬಿಟ್ಟು ತಂಪಿನ ಜಾಗಕ್ಕೆ ಹೋಗಿಬಿಡುತ್ತಿದ್ದದ್ದು, ಜೊತೆಗೆ ಮಕ್ಕಳಿಗೆ ಓದು ಜಾಸ್ತಿಯಾದರೆ ಮಿದುಳು ಕೆಡುತ್ತದೆ ಎಂಬ ಆಗಿನ ನಂಬಿಕೆ, ಎಲ್ಲ ಸೇರಿ ಹಳ್ಳಿ ಪಟ್ಟಣ ಎರಡಕ್ಕೂ ಒಂದೇ ಉದ್ದನೆಯ ಬೇಸಿಗೆ ರಜೆ ಬಂತು. ಬಂದ ಕೂಡಲೇ ಹೊಸ ಚಿಂತೆಯೂ ಬಂತು, ಈ ಮಕ್ಕಳನ್ನು ಏನು ಮಾಡೋದು ಅಂತ. ಎಕ್ಸೆಲ್ ಶೀಟು ಮಾತ್ರ ಹೊಸದು, ತಲೆನೋವು ನೂರೈವತ್ತು ವರ್ಷ ಹಳೆಯದು.

ಬೇಸಿಗೆಯಲ್ಲಿ ಪ್ರಕೃತಿಯನ್ನು ನೋಡಿ ಕಲಿಸುವ ಒಂದು ದೊಡ್ಡ ಪ್ರಯತ್ನ 1873ರಲ್ಲಿ ಆಗಿತ್ತು, ಆದರೆ ಅದು ಮಕ್ಕಳಿಗಲ್ಲ, ಮೇಷ್ಟರಿಗೆ. ಹಾರ್ವರ್ಡಿನ ಲೂಯಿ ಅಗಾಸಿಜ್ ಮ್ಯಾಸಚೂಸೆಟ್ಸಿನ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಐವತ್ತು ಮಂದಿ ಶಿಕ್ಷಕ ಶಿಕ್ಷಕಿಯರನ್ನು ಸೇರಿಸಿ ಬೇಸಿಗೆ ಶಾಲೆ ನಡೆಸಿದರು. ಪುಸ್ತಕ ಮುಚ್ಚಿ, ಸಮುದ್ರದ ಜೀವಿಗಳನ್ನು ಕಣ್ಣಾರೆ ನೋಡಿ ಅನ್ನೋದೇ ಅಲ್ಲಿಯ ಪಾಠ. ಇದೇ ಅಗಾಸಿಜ್ ಹಿಂದೆ ಒಬ್ಬ ಶಿಷ್ಯನ ಮುಂದೆ ಒಂದು ಸತ್ತ ಮೀನು ಇಟ್ಟು, ಮೂರು ದಿನ ಬರೀ ಅದನ್ನೇ ನೋಡು ಅಂತ ಕೂರಿಸಿದ ಕಥೆ ಪ್ರಸಿದ್ಧ. ಆ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಶಾಲೆ ಇನ್ನೊಂದು ಬೇಸಿಗೆ ನಡೆದು ನಿಂತಿತು. ಅಂದ ಹಾಗೆ, ನೋಡಿ ನೋಡಿ ಅಂತ ಎಲ್ಲರಿಗೂ ಹೇಳಿದ ಈ ಮನುಷ್ಯ ಡಾರ್ವಿನ್ನನ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಕಪ್ಪು ಜನರ ಬಗ್ಗೆ ಆತ ಬರೆದದ್ದು ಓದಿದರೆ ನಾಚಿಕೆಯಾಗುತ್ತೆ. ಗಂಟೆಗಟ್ಟಲೆ ನೋಡಿದ ಮಾತ್ರಕ್ಕೆ ಎಲ್ಲ ಕಂಡುಬಿಡುತ್ತೆ ಅಂತೇನಿಲ್ಲ.

ಇರಲಿ, ಮಕ್ಕಳ ವಿಷಯಕ್ಕೆ ಬರೋಣ. ಅವರ ಕೈಗೆ ಇದು ಬಂದದ್ದು ಒಂದು ವಿಚಿತ್ರ ಕಾರಣದಿಂದ. 1891ರಿಂದ 93ರ ವರೆಗೆ ನ್ಯೂಯಾರ್ಕ್ ರಾಜ್ಯದ ರೈತರ ಪಾಡು ಕೆಟ್ಟು ಹೋಯಿತು. ಹಳ್ಳಿ ಜನ ಊರು ಬಿಟ್ಟು ನ್ಯೂಯಾರ್ಕ್ ನಗರಕ್ಕೆ ಬಂದು, ದಾನ ಧರ್ಮದ ಸಂಸ್ಥೆಗಳ ಬಾಗಿಲಲ್ಲಿ ನಿಂತರು. ಬಡವರ ನೆರವಿಗಿದ್ದ ಸಂಘವೊಂದರ ದೊಡ್ಡ ಮನುಷ್ಯರು ಗಾಬರಿಯಾಗಿ ಸಭೆ ಕರೆದರು. ನಮ್ಮ ರಾಜ್ಯದ ಮಣ್ಣಿಗೆ ಏನಾಗಿದೆ, ತನ್ನ ಜನರನ್ನು ತಾನೇ ಯಾಕೆ ಸಾಕಲಾರದು ಅನ್ನೋದು ಅವರ ಪ್ರಶ್ನೆ. ಸಭೆಯಲ್ಲಿದ್ದ ಜಾರ್ಜ್ ಪೊವೆಲ್ ಎಂಬ ಕೃಷಿ ತಜ್ಞರು, ದೊಡ್ಡವರಿಗೆ ಹೇಳಿ ಪ್ರಯೋಜನವಿಲ್ಲ, ಮಕ್ಕಳಿಗೆ ತಮ್ಮ ಸುತ್ತಲಿನ ಗಿಡ, ಹುಳ, ಮಣ್ಣಿನಲ್ಲಿ ಆಸಕ್ತಿ ಹುಟ್ಟಿಸಿ, ಆಗ ಅವರು ಹಳ್ಳಿಯಲ್ಲೇ ಉಳೀತಾರೆ ಅಂದರು. ಅಂದರೆ ಮಕ್ಕಳನ್ನು ವಿಜ್ಞಾನಿ ಮಾಡೋದು ಯಾರ ತಲೆಯಲ್ಲೂ ಇರಲಿಲ್ಲ. ಹಳ್ಳಿ ಖಾಲಿಯಾಗದಂತೆ ತಡೆಯೋದಷ್ಟೇ ಗುರಿ. ಮೊದಲು ವೆಸ್ಟ್‌ಚೆಸ್ಟರ್ ಜಿಲ್ಲೆಯ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಆಮೇಲೆ ಸರ್ಕಾರ ದುಡ್ಡು ಕೊಟ್ಟು ಕೆಲಸವನ್ನು ಕಾರ್ನೆಲ್ಲಿಗೆ ವಹಿಸಿತು.

ಕಾರ್ನೆಲ್ಲಿನಲ್ಲಿ ಇದರ ಹಿಂದೆ ನಿಂತವರು ಲಿಬರ್ಟಿ ಹೈಡ್ ಬೇಲಿ ಎಂಬ ತೋಟಗಾರಿಕೆ ಪ್ರೊಫೆಸರು. ಜೊತೆಗೆ ಜಾನ್ ಸ್ಪೆನ್ಸರ್ ಅಂತ, ಶಟಾಕ್ವಾ ಜಿಲ್ಲೆಯ ಒಬ್ಬ ಹಣ್ಣು ಬೆಳೆಗಾರ. ನನಗೆ ಈ ಸ್ಪೆನ್ಸರ್ ಬಹಳ ಇಷ್ಟವಾದರು. ರೈತರಿಗೆ ಭಾಷಣ ಬಿಗಿದು ಫಲವಿಲ್ಲ ಅಂತ ಸ್ವತಃ ರೈತರಾದ ಅವರಿಗೆ ಗೊತ್ತಿತ್ತು. ನಾಲ್ಕಾರು ಪುಟದ ಸರಳ ಕರಪತ್ರಗಳನ್ನು ಮಾಡಿ ಹಳ್ಳಿ ಮೇಷ್ಟರುಗಳಿಗೆ ಅಂಚೆಯಲ್ಲಿ ಕಳಿಸುವ ಉಪಾಯ ಹೇಳಿದರು. ಆಮೇಲೆ ಮಕ್ಕಳ ಕ್ಲಬ್ಬು ಕಟ್ಟಿದರು. ಚಂದಾ ಎಷ್ಟು? ದುಡ್ಡಿಲ್ಲ, ಕಾಗದ! ತಾನು ನೋಡಿದ್ದನ್ನು ಬರೆದು 'ಅಂಕಲ್ ಜಾನ್'ಗೆ ಪೋಸ್ಟ್ ಮಾಡಿದರೆ ಅದೇ ಚಂದಾ. ರಾಜ್ಯದ ಮೂಲೆ ಮೂಲೆಯಿಂದ ಸಾವಿರಾರು ಮಕ್ಕಳು ಕಪ್ಪೆಯ ಬಗ್ಗೆ, ಕಾಗೆಯ ಬಗ್ಗೆ, ಕಿಟಕಿಯಲ್ಲಿ ಮೊಳಕೆ ಬರಿಸಿದ ಬೀಜದ ಬಗ್ಗೆ ಅವರಿಗೆ ಕಾಗದ ಬರೆದರು. ಅವರೂ ಉತ್ತರ ಬರೆದರು. ಒಬ್ಬ ದೊಡ್ಡ ಮನುಷ್ಯ ನನ್ನ ಮಾತನ್ನು ಓದುತ್ತಾನೆ ಅನ್ನೋದಕ್ಕಿಂತ ಮಗುವಿಗೆ ಇನ್ನೇನು ಬೇಕು ಹೇಳಿ.

ಈ ಗುಂಪಿನಲ್ಲಿದ್ದ ಹೆಂಗಸು ಆನಾ ಕಾಮ್‌ಸ್ಟಾಕ್. 1854ರಲ್ಲಿ ಇದೇ ರಾಜ್ಯದ ಪಶ್ಚಿಮದ ಹಳ್ಳಿಗಾಡಿನಲ್ಲಿ ಹುಟ್ಟಿದವರು. ಅವರಿಗೆ ಕಾಡುಹೂಗಳ ಹೆಸರನ್ನೂ ಆಕಾಶದ ನಕ್ಷತ್ರಗಳನ್ನೂ ಹೇಳಿಕೊಟ್ಟಿದ್ದು ಅವರ ಅಮ್ಮ. ಪಂಡಿತರ ಲ್ಯಾಟಿನ್ ಹೆಸರುಗಳಲ್ಲ ಅವು, ಊರ ಜನ ಕರೆಯುವ ಹೆಸರುಗಳು. ಕಾರ್ನೆಲ್ಲಿಗೆ ಓದಲು ಬಂದು, ಕೀಟಶಾಸ್ತ್ರದ ಮೇಷ್ಟರಾದ ಜಾನ್ ಹೆನ್ರಿ ಕಾಮ್‌ಸ್ಟಾಕರನ್ನು 1878ರಲ್ಲಿ ಮದುವೆಯಾದರು. ಗಂಡನ ಪುಸ್ತಕಗಳಿಗೆ ಕೀಟಗಳ ಚಿತ್ರ ಬೇಕಾಗಿತ್ತು, ಅದಕ್ಕಾಗಿ ಮರದಲ್ಲಿ ಅಚ್ಚು ಕೊರೆಯುವ ಕಲೆ ಕಲಿತರು. ಒಂದು ಪತಂಗದ ರೆಕ್ಕೆಯನ್ನು ಗೆರೆಗೆರೆಯಾಗಿ ಮರದಲ್ಲಿ ಕೆತ್ತಿದವರಿಗೆ ನೋಡುವುದು ಅಂದರೇನು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1890ರ ದಶಕದ ಕೊನೆಯಲ್ಲಿ ಅವರಿಗೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಕೊಟ್ಟರು. ಹೆಂಗಸಿಗೆ ಪ್ರೊಫೆಸರ್ ಅಂತ ಹೆಸರೇ ಅಂತ ಆಡಳಿತ ಮಂಡಳಿಯಲ್ಲಿ ತಕರಾರು ಎದ್ದು, ಕೆಲಸ ಅದೇ ಇಟ್ಟು ಪದವಿ ಮಾತ್ರ ಕಿತ್ತುಕೊಂಡರು. ಅದು ವಾಪಸ್ ಬಂದದ್ದು 1913ರಲ್ಲಿ. ಪೂರ್ಣ ಪ್ರೊಫೆಸರ್ ಆದದ್ದು 1920ರಲ್ಲಿ, ಅರವತ್ತೈದು ದಾಟಿದ ಮೇಲೆ!

ವರ್ಷಗಟ್ಟಲೆ ಬರೆದ ಕರಪತ್ರ, ಪಾಠಗಳನ್ನೆಲ್ಲ ಸೇರಿಸಿ ಮಾಡಿದ್ದೇ ಈ ದಪ್ಪ ಪುಸ್ತಕ. ಇಷ್ಟು ದೊಡ್ಡ ಪುಸ್ತಕದಿಂದ ನಷ್ಟ ಖಂಡಿತ ಅಂದುಕೊಂಡೇ ಗಂಡ ತಮ್ಮ ಸ್ವಂತ ಪ್ರಕಾಶನದಲ್ಲಿ ಅಚ್ಚು ಹಾಕಿಸಿದರು. ಅದು 1939ರ ಹೊತ್ತಿಗೆ 24ನೇ ಆವೃತ್ತಿ ಕಂಡಿತ್ತು, ಈಗಲೂ ಸಿಗುತ್ತದೆ.

ಪುಸ್ತಕ ತೆರೆದರೆ ಮೊದಲು ಸಿಗೋದು ಸಿಂಹವಲ್ಲ, ಆನೆಯಲ್ಲ, ಕೋಳಿ. ಕೋಳಿಯ ಪುಕ್ಕ ಹೇಗಿದೆ, ಮಳೆಯಲ್ಲಿ ಅದು ಯಾಕೆ ನೆನೆಯಲ್ಲ ಅಂತ. ಆಮೇಲೆ ನೆಲಗಪ್ಪೆ, ನೊಣ, ಬೆಕ್ಕು, ಹಸು, ಕಾಲಡಿಯ ಕಳೆ ಗಿಡ, ಕೊನೆಗೆ ಮಣ್ಣು ಮತ್ತು ನಕ್ಷತ್ರ. ಪ್ರತಿ ಪಾಠದ ಕೊನೆಗೆ ಸಾಲುಸಾಲು ಪ್ರಶ್ನೆಗಳು. ಉತ್ತರ ಮಾತ್ರ ಅಲ್ಲಿ ಕೊಟ್ಟಿಲ್ಲ, ಹೊರಗೆ ಹೋಗಿ ಆ ಪ್ರಾಣಿಯನ್ನೇ ಕೇಳಬೇಕು. ನನ್ನಂಥವರಿಗೆ ಆಕೆ ಹೇಳುವ ಎರಡು ಮಾತಿವೆ. ಒಂದು, ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳೋಕೆ ಮೇಷ್ಟರು ಹೆದರಬಾರದು, ಇಬ್ಬರೂ ಸೇರಿ ಹುಡುಕಬೇಕು. ಎರಡನೆಯದು ಓದಿದಾಗ ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಮಗು ಹೊಲದಲ್ಲಿ ನೋಡಿ ಬರೆಯುವ ನೋಟ್‌ಬುಕ್ಕು ಮಗುವಿನ ಸ್ವಂತ ಆಸ್ತಿ, ಅದನ್ನು ಮೇಷ್ಟರು ತಿದ್ದಬಾರದು, ಹುರಿದುಂಬಿಸೋದಿದ್ದರೆ ಮಾತ್ರ ಬಾಯಿ ಬಿಡಬೇಕು ಅಂತ 1911ರಲ್ಲೇ ಆಕೆ ಬರೆದಿದ್ದರು.

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದೆ. ಬೇಲಿಯಂಚಿನಲ್ಲಿ ನಾನು ಹುಲ್ಲು ಕತ್ತರಿಸೋ ಯಂತ್ರ ಓಡಿಸಲು ಸೋಮಾರಿತನ ಮಾಡಿದ್ದ ಜಾಗ. ಎದೆಯೆತ್ತರ ಬೆಳೆದ ದಪ್ಪ ಎಲೆಯ ಗಿಡಗಳ ಮುಂದೆ ಅಮ್ಮ ಕೂತಿದ್ದರು.

"ಇದೇನಮ್ಮ ಈ ಗಿಡ?" ಅಂದೆ.

"ನಿಮ್ಮೂರಿನ ಗಿಡ ನನ್ನ ಕೇಳ್ತೀಯಲ್ಲೋ" ಅಂತ ಅಮ್ಮ ಒಂದು ಎಲೆ ಮುರಿದರು. ಬಿಳೀ ಹಾಲು ಜಿನುಗಿತು. "ನೋಡು, ನಮ್ಮ ಎಕ್ಕದ ಜಾತೀದೇ ಇದು. ಹೂವಿನ ಗೊಂಚಲೂ ಹಾಗೇ ಇದೆ. ರಥಸಪ್ತಮಿಗೆ ಎಲೆ ತಲೆ ಮೇಲೆ ಇಟ್ಕೊಂಡು ಸ್ನಾನ ಮಾಡ್ತಿರ್ಲಿಲ್ವೇ? ಹಾಲು ಕಣ್ಣಿಗೆ ತಾಗಿಸ್ಕೊಂಡೀಯ, ಹುಷಾರು."

ಒಳಗೆ ಬಂದು ಹುಡುಕಿದೆ. ಇಲ್ಲಿಯವರು ಮಿಲ್ಕ್‌ವೀಡ್ ಅಂತ ಕರೆಯೋ ಈ ಗಿಡವೂ ನಮ್ಮ ಎಕ್ಕವೂ ನಿಜಕ್ಕೂ ಒಂದೇ ಕುಟುಂಬದ ಸಸ್ಯಗಳು! ಈ ದೇಶದ ಭಾಷೆಯೇ ಬಾರದ ನಮ್ಮಮ್ಮನಿಗೆ ಒಂದೇ ಎಲೆ ಮುರಿದು ಗೊತ್ತಾಗಿದ್ದು, ಹದಿನಾಲ್ಕು ವರ್ಷದಿಂದ ಇಲ್ಲಿರುವ ನನಗೆ ಗೊತ್ತಿರಲಿಲ್ಲ. ಅಮ್ಮ ಎಲೆ ತಿರುಗಿಸಿ ತೋರಿಸಿದರು. ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ. ತಲೆಯ ಕಡೆ ಎರಡು ಕಪ್ಪು ಕೊಂಬು. ಬಾಲದ ಕಡೆಯೂ ಎರಡು, ಸ್ವಲ್ಪ ಗಿಡ್ಡ. ಮಗಳು ಬರೆದ ಚಿತ್ರದಲ್ಲಿ ಇದ್ದ ಹಾಗೇ.

ನನ್ನ ಕೆಂಪು ಇಂಟು ಮಾರ್ಕು ನೆನಪಾಯಿತು. ನಾನು ಹುಳವನ್ನು ನೋಡಿಯೇ ಇರಲಿಲ್ಲ!

ಆ ಹುಳ ಮಾನಾರ್ಕ್ ಚಿಟ್ಟೆಯ ಮರಿ. ಕಾಮ್‌ಸ್ಟಾಕ್ ಪುಸ್ತಕದಲ್ಲೂ ಈ ಚಿಟ್ಟೆಗೆ ಒಂದು ಪಾಠವಿದೆ. ಮಿಲ್ಕ್‌ವೀಡಿನ ಹಾಲಿನಲ್ಲಿ ವಿಷ ಇದೆ. ಹುಳ ಅದನ್ನು ತಿಂದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತೆ, ಚಿಟ್ಟೆಯಾದ ಮೇಲೂ ಆ ವಿಷ ಇರುತ್ತೆ. ಒಂದು ಸಲ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಈ ಕಿತ್ತಳೆ ಬಣ್ಣದ ತಂಟೆಗೆ ಬರೋದಿಲ್ಲ. ಚಳಿಗಾಲಕ್ಕೆ ಮುಂಚೆ ಈ ಚಿಟ್ಟೆಗಳು ಗುಂಪುಗೂಡಿ ದಕ್ಷಿಣಕ್ಕೆ ಹಾರುತ್ತವೆ ಅಂತ ಆ ಕಾಲಕ್ಕೇ ಗೊತ್ತಿತ್ತು. ಆದರೆ ಅಷ್ಟೂ ಚಿಟ್ಟೆಗಳು ಕೊನೆಗೆ ಹೋಗಿ ಸೇರೋದೆಲ್ಲಿ? ಅದು ವಿಜ್ಞಾನಿಗಳಿಗೆ ಗೊತ್ತಾಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅದರಲ್ಲಿ ಮಕ್ಕಳ ಪಾಲಿದೆ, ಅದಕ್ಕೇ ಇಲ್ಲಿ ಹೇಳ್ತಿದೀನಿ.

ಫ್ರೆಡ್ ಅರ್ಕ್‌ಹಾರ್ಟ್ 1911ರಲ್ಲೇ ಹುಟ್ಟಿದವರು, ಕೆನಡಾದ ಟೊರಾಂಟೊದವರು. ಹುಡುಗನಾಗಿದ್ದಾಗಿನಿಂದ ಅವರಿಗೆ ಈ ಚಿಟ್ಟೆಗಳು ಎಲ್ಲಿಗೆ ಹೋಗ್ತವೆ ಎಂಬ ಗೀಳು. ದೊಡ್ಡವರಾಗಿ ಪ್ರಾಣಿಶಾಸ್ತ್ರದ ಪ್ರೊಫೆಸರಾದರು, ಹೆಂಡತಿ ನೋರಾ ಕೂಡ ಅದೇ ಗೀಳಿಗೆ ಬಿದ್ದರು. ಉಪಾಯ ಸುಲಭ, ಚಿಟ್ಟೆಯ ರೆಕ್ಕೆಗೆ ಒಂದು ಚೀಟಿ ಅಂಟಿಸಿ ಬಿಡೋದು, ಸಿಕ್ಕವರು ವಾಪಸ್ ಕಳಿಸೋದು. ಆದರೆ ಅಂಟೇ ನಿಲ್ಲಲಿಲ್ಲ. ಅಂಚೆಚೀಟಿಯಂಥ ಅಂಟು ಬಳಸಿದರೆ ಮಳೆ ಬಂದು ಎಲ್ಲ ಉದುರಿತು. ಕೊನೆಗೆ ಅಂಗಡಿ ಸಾಮಾನಿಗೆ ಬೆಲೆ ಅಂಟಿಸುವ ಥರದ ಚೀಟಿ ಕೆಲಸ ಮಾಡಿತು. ರೆಕ್ಕೆಯ ಅಂಚಿನ ಹುಡಿಯನ್ನು ಮೆಲ್ಲಗೆ ಒರೆಸಿ ಮಡಿಸಿ ಅಂಟಿಸಬೇಕು. 1952ರಲ್ಲಿ ಒಂದು ಪತ್ರಿಕೆಯಲ್ಲಿ ಲೇಖನ ಬರೆದು ಸ್ವಯಂಸೇವಕರು ಬೇಕು ಅಂತ ಕೇಳಿದಾಗ ಮುಂದೆ ಬಂದವರು ಬರೀ ಹನ್ನೆರಡು ಜನ. ಇಪ್ಪತ್ತು ವರ್ಷ ಕಳೆಯೋ ಹೊತ್ತಿಗೆ ನೂರಾರು ಜನ ಆದರು, ಗೃಹಿಣಿಯರು, ನಿವೃತ್ತರು, ಶಾಲೆ ಮಕ್ಕಳು. ಸಿಕ್ಕ ಚೀಟಿಗಳನ್ನು ಭೂಪಟದಲ್ಲಿ ಗುರುತು ಹಾಕುತ್ತಾ ಹೋದರೆ ಗೆರೆಗಳೆಲ್ಲ ಟೆಕ್ಸಾಸ್ ದಾಟಿ ಮೆಕ್ಸಿಕೊ ಕಡೆ ಬೆರಳು ತೋರಿಸುತ್ತಿದ್ದವು.

ನೋರಾ ಮೆಕ್ಸಿಕೊದ ಪತ್ರಿಕೆಗಳಿಗೆ ಬರೆದರು. ಕೆನ್ ಬ್ರಗರ್ ಎಂಬ ಅಮೆರಿಕದವರು ನಾನು ಹುಡುಕ್ತೀನಿ ಅಂತ ಉತ್ತರ ಬರೆದರು. ಅವರೂ ಮಿಚೊಅಕಾನ್ ಪ್ರಾಂತ್ಯದವರೇ ಆದ ಕ್ಯಾಟಲಿನಾ ಅಗ್ವಾಡೊ ಅವರೂ ಹಳ್ಳಿಹಳ್ಳಿ ಸುತ್ತಿ, 1975ರ ಜನವರಿಯಲ್ಲಿ ಸೆರೊ ಪೆಲೋನ್ ಬೆಟ್ಟದ ಮೇಲೆ, ಸುಮಾರು ಮೂರು ಸಾವಿರ ಮೀಟರ್ ಎತ್ತರದ ಕಾಡಿನಲ್ಲಿ, ಕೊಂಬೆಗಳೇ ಬಗ್ಗುವಷ್ಟು ಚಿಟ್ಟೆ ಕೂತಿದ್ದನ್ನು ಕಂಡರು. ತಮಾಷೆ ಅಂದರೆ ಬ್ರಗರ್‌ಗೆ ಬಣ್ಣ ಕುರುಡು. ಆ ಕಿತ್ತಳೆಯ ಕಾಡು ಆತನಿಗೆ ಬೂದು ಬೂದಾಗಿ ಕಂಡಿರಬೇಕು! 'ಕಂಡುಹಿಡಿದರು' ಅನ್ನೋ ಮಾತೂ ಅಷ್ಟು ಸರಿಯಲ್ಲ ಬಿಡಿ. ಬೆಟ್ಟದ ತಪ್ಪಲಿನ ಹಳ್ಳಿಯವರು ತಲೆತಲಾಂತರದಿಂದ ಅವನ್ನು ನೋಡುತ್ತಲೇ ಇದ್ದರು. ಅವರಿಗೆ ಗೊತ್ತಿರದಿದ್ದದ್ದು, ಈ ಚಿಟ್ಟೆಗಳು ಎಲ್ಲಿಂದ ಬರುತ್ತವೆ ಅನ್ನೋದು. ಒಂದೇ ಪ್ರಶ್ನೆಯ ಎರಡು ತುದಿಯಲ್ಲಿ ಇಬ್ಬರು ನಿಂತಿದ್ದ ಹಾಗೆ.

1976ರ ಜನವರಿಯಲ್ಲಿ ಅರ್ಕ್‌ಹಾರ್ಟ್ ಸ್ವತಃ ಬೆಟ್ಟ ಹತ್ತಿದರು. ಆಗ ಅವರಿಗೆ 64 ವರ್ಷ. ಚಿಟ್ಟೆಗಳ ಭಾರಕ್ಕೆ ಒಂದು ಕೊಂಬೆ ಮುರಿದು ಬಿತ್ತು. ಬಿದ್ದ ರಾಶಿಯಲ್ಲಿ ಒಂದು ಚಿಟ್ಟೆಯ ರೆಕ್ಕೆಯ ಮೇಲೆ ಬಿಳೀ ಚೀಟಿ! ಅದು ಸುಮಾರು ಮೂರು ಸಾವಿರ ಕಿಲೋಮೀಟರ್ ದೂರದ ಮಿನೆಸೋಟ ರಾಜ್ಯದ ಚಾಸ್ಕಾ ಎಂಬ ಊರಿನಲ್ಲಿ, ಹಿಂದಿನ ಆಗಸ್ಟಿನಲ್ಲಿ, ಒಬ್ಬ ಮೇಷ್ಟರೂ ಅವರ ಇಬ್ಬರು ಶಾಲಾ ಹುಡುಗರೂ ಅಂಟಿಸಿ ಬಿಟ್ಟ ಚೀಟಿ. ಆಗಸ್ಟ್ ಅಂದರೆ ಗೊತ್ತಲ್ಲ? ಬೇಸಿಗೆ ರಜೆ.

ಹಾಗಂತ ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ಮೆಕ್ಸಿಕೊದ ಆ ಕಾಡುಗಳಲ್ಲಿ 1996-97ರ ಚಳಿಗಾಲದಲ್ಲಿ ಚಿಟ್ಟೆಗಳು 18 ಹೆಕ್ಟೇರಿನಷ್ಟು ಜಾಗ ತುಂಬಿದ್ದವು, 2013-14ರಲ್ಲಿ ಅದು ಒಂದು ಹೆಕ್ಟೇರಿಗೂ ಕಡಿಮೆಯಾಯಿತು. ಆಮೇಲೆ ಏರುಪೇರಾಗುತ್ತಲೇ ಇದೆ. ಕಳೆನಾಶಕ ಹೊಡೆದು ಹೊಲಗಳಲ್ಲಿ ಮಿಲ್ಕ್‌ವೀಡ್ ಇಲ್ಲವಾಗಿದ್ದು ಒಂದು ಮುಖ್ಯ ಕಾರಣ. ನನ್ನ ಸೋಮಾರಿತನಕ್ಕೂ ಒಂದು ಬೆಲೆ ಇದೆ ಅಂತ ಹೆಂಡತಿಗೆ ಹೇಳಿ ನೋಡಿದೆ. ಒಪ್ಪಲಿಲ್ಲ.

ಹಳ್ಳಿಯ ಮಕ್ಕಳನ್ನು ಹಳ್ಳಿಯಲ್ಲೇ ಉಳಿಸೋಕೆ ಅಂತ ಶುರುವಾದ ಕಾರ್ನೆಲ್ಲಿನ ಆ ಚಳುವಳಿ ಆ ಗುರಿಯಲ್ಲಿ ಪೂರ್ತಿ ಸೋತಿತು. ಜನ ಊರು ಬಿಡೋದು ನಿಲ್ಲಲಿಲ್ಲ. ಮಣ್ಣಿನ ಮಕ್ಕಳಾಗಿ ಹುಟ್ಟಿ ಸಾವಿರಾರು ಮೈಲಿ ದೂರ ಬಂದು ಕೂತಿರೋ ನಾನಂತೂ ಅವರನ್ನು ಆಡಿಕೊಳ್ಳುವ ಹಾಗಿಲ್ಲ. ಶಾಲೆಗಳಲ್ಲೂ ಮೆಲ್ಲಮೆಲ್ಲಗೆ ಪಠ್ಯಪುಸ್ತಕದ ವಿಜ್ಞಾನ ಬಂದು ಅದರ ಜಾಗ ಹಿಡಿಯಿತು. ಆದರೆ ಪೆನ್ಸಿಲ್ವೇನಿಯದ ಒಬ್ಬ ತಾಯಿ ಈ ಚಳುವಳಿಯ ಪ್ರಭಾವಕ್ಕೆ ಸಿಕ್ಕಿ, ತನ್ನ ಪುಟ್ಟ ಮಗಳನ್ನು ಕಾಡು ತೋಟ ಅಂತ ಸುತ್ತಿಸುತ್ತಿದ್ದಳು. ಆ ಮಗಳು ರೇಚೆಲ್ ಕಾರ್ಸನ್. 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಬರೆದು ಕೀಟನಾಶಕಗಳ ಬಗ್ಗೆ ಇಡೀ ಜಗತ್ತಿನ ಕಣ್ಣು ತೆರೆಸಿದವರು.

ನಮ್ಮಲ್ಲೂ ಇಂಥ ಕೆಲಸ ಆಗಲಿಲ್ಲ ಅಂತಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಒಬ್ಬರೇ ಕೂತು ಕನ್ನಡದ ಮಕ್ಕಳಿಗೆ ಮೂರು ಸಂಪುಟದ 'ಬಾಲಪ್ರಪಂಚ' ಮಾಡಿಕೊಟ್ಟರು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡ ಹುಡುಕಿದ ಕಥೆಗಳು 'ಹಸುರು ಹೊನ್ನು' ಆದವು. ತೇಜಸ್ವಿಯವರನ್ನು ಓದಿ ಬೈನಾಕ್ಯುಲರ್ ಕೊಂಡವರು ನಿಮ್ಮಲ್ಲೇ ಎಷ್ಟು ಜನರಿದ್ದೀರೋ. ಇಷ್ಟಾದರೂ ಅಂಕಲ್ ಜಾನ್ ಥರ ಮಕ್ಕಳು ನೋಡಿ ಬರೆದದ್ದನ್ನು ಕೂತು ಓದುವ, ಉತ್ತರ ಬರೆಯುವ ಒಬ್ಬ ಮಾವ ನಮ್ಮ ಬಾಲ್ಯದಲ್ಲಿ ಇದ್ದಿದ್ದರೆ ಅಂತ ನನಗೆ ಆಸೆ. ನೋಡೋಕೆ ಬೇಕಾದದ್ದು ನಮ್ಮಲ್ಲಿ ಕಡಿಮೆ ಇಲ್ಲ. ಮುಂಗಾರಿಗೆ ಸ್ವಲ್ಪ ಮುಂಚೆ, ಸರಿಯಾಗಿ ಬೇಸಿಗೆ ರಜೆಯ ಹೊತ್ತಿಗೆ, ಪಶ್ಚಿಮಘಟ್ಟದ ಕಡೆಯಿಂದ ಪೂರ್ವದ ಬಯಲಿನತ್ತ ಕಪ್ಪು ನೀಲಿ ಚಿಟ್ಟೆಗಳು ಸಾಲುಸಾಲಾಗಿ ವಲಸೆ ಹೋಗ್ತವೆ. ಅವೂ ಮಾನಾರ್ಕ್‌ನ ಹತ್ತಿರದ ಬಳಗದವೇ. ಅವುಗಳ ದಾರಿಯ ಪೂರ್ತಿ ನಕ್ಷೆ ಇನ್ನೂ ಸಿದ್ಧವಾಗಿಲ್ಲ.

ಆ ಶನಿವಾರ ನಾನು ಮಗಳ ಹತ್ತಿರ ಹೋಗಿ, "ಪುಟ್ಟೀ, ನೀನು ಬರೆದದ್ದೇ ಸರಿ, ನಾನು ನೋಡದೇ ತಪ್ಪು ಹಾಕಿದ್ದೆ" ಅಂದೆ. ಅವಳು ಏನೂ ಹೇಳಲಿಲ್ಲ. ನೋಟ್‌ಬುಕ್ಕು ತಂದು ಆ ಪುಟ ಹರಿದು ಬುಟ್ಟಿಗೆ ಹಾಕಿ, ಹೊಸ ಪುಟದಲ್ಲಿ ಅದೇ ಹುಳ ಮತ್ತೆ ಬರೆದಳು. ನಾಲ್ಕು ಕೊಂಬು. ಆಮೇಲೆ ಆ ಹುಳ ತಲೆಕೆಳಗಾಗಿ ನೇತುಬಿದ್ದು, ಚಿನ್ನದ ಚುಕ್ಕಿಯಿಟ್ಟ ಹಸಿರು ಕೋಶವಾಗಿದ್ದು, ಹನ್ನೊಂದನೇ ದಿನ ಬೆಳಿಗ್ಗೆ ಚಿಟ್ಟೆ ಹೊರಗೆ ಬಂದಿದ್ದು, ಅಜ್ಜಿ ಅದಕ್ಕೆ ದೃಷ್ಟಿ ತೆಗೆದಿದ್ದು, ಎಲ್ಲ ಆ ಪುಸ್ತಕದಲ್ಲಿದೆ. ಅಕ್ಷರದ ತಪ್ಪುಗಳೂ ಹಾಗೇ ಇವೆ. ನಾನು ಕೇಳಿ, ಅವಳು ಕೊಟ್ಟರೆ ಮಾತ್ರ ಓದ್ತೀನಿ.

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಹೋದರು. ಒಂದು ತಿಂಗಳಾದ ಮೇಲೆ ಒಂದು ಭಾನುವಾರ ವಾಟ್ಸಾಪಿನಲ್ಲಿ ಫೋನು ಬಂತು. ನನ್ನ ಹತ್ತಿರ ಮಾತೇ ಇಲ್ಲ, ಮೊಮ್ಮಗಳನ್ನು ಕರಿ ಅಂದರು. ಆಂಜನೇಯನ ಗುಡಿಯ ಹಿಂದಿನ ಎಕ್ಕದ ಗಿಡದಲ್ಲಿ ಅಂಥದ್ದೇ ಪಟ್ಟೆ ಹುಳ ಸಿಕ್ಕಿದೆಯಂತೆ. ನಮ್ಮೂರಿನ ಆ ಚಿಟ್ಟೆಗೆ ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಅಂತಾರೆ, ಮಾನಾರ್ಕ್‌ನ ದಾಯಾದಿ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಆಗ ನನಗೇನೂ ಗೊತ್ತಿರಲಿಲ್ಲ.

"ಕೊಂಬು ಎಣಿಸಿದ್ಯಾ ಅಜ್ಜಿ?" ಅಂತ ಮಗಳು ಕೇಳಿದಳು.

"ಎಣಿಸ್ದೆ ಇರ್ತೀನಾ? ಎರಡು ಸಲ ಎಣಿಸ್ದೆ ಕಣೇ. ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ, ನಡೂ ಬೆನ್ನಲ್ಲಿ ಇನ್ನೊಂದು ಜೊತೆ. ಒಟ್ಟು ಆರು."

ಆರು ಹೇಗಿರುತ್ತೆ, ನಾಲ್ಕೇ ಅಲ್ವಾ ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮಗಳು ನೋಟ್‌ಬುಕ್ಕು ತರಲು ಮಹಡಿಗೆ ಓಡಿದ್ದಳು.